ಹಣೆಯ ಬಣ್ಣ

ಮೈಬಣ್ಣ ಎರಡನೆಯ ಸಲವೂ ತಪ್ಪಿತು. ಕೆಮ್ಮಣ್ಣು ಹೆಚ್ಚಾಗಿತ್ತು. ಶಾಂತಕುಮಾರಿ ಕುಂಚದ ತುದಿಯಿಂದ ರಟ್ಟಿನ ಚೂರಿನ ಮೇಲೆ ಒಂದು ಗೆರೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಹೀಗೆ ಬಳಿದರೆ ಪಟದಲ್ಲಿರುವವರು ಈಗತಾನೇ ಒಲೆಯ ಮುಂದಿನಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ. ಪಿಂಗಾಣಿ ತಟ್ಟೆಯ ಕುಳಿಯನ್ನು ಬಟ್ಟೆಯಿಂದ ಒರೆಸಿ, ಒಂದು ಹನಿ ನೀರು ಬಿಟ್ಟು, ಹಳದಿ ಬಿಲ್ಲೆಯನ್ನು ಮತ್ತೆ ತೇಯತೊಡಗಿದಳು.

ಅದು ಅವಳ ನಿತ್ಯದ ಕೆಲಸ. ದಂಡು ಪ್ರದೇಶದಲ್ಲಿ ಅಕ್ತರ್ ಸಾಹೇಬರ ಸ್ಟುಡಿಯೋ ಇತ್ತು. ಅಲ್ಲಿಂದ ಬರುವ ಕಪ್ಪು ಬಿಳುಪು ಪಟಗಳಿಗೆ ಮನೆಯಲ್ಲೇ ಕೂತು ಬಣ್ಣ ತುಂಬಿ ಕಳಿಸುತ್ತಿದ್ದಳು. ಮದುವೆಯ ಜೋಡಿ, ಟೊಪ್ಪಿ ಹಾಕಿದ ಸಿಪಾಯಿ, ಕುರ್ಚಿಯ ಮೇಲೆ ನಿಲ್ಲಿಸಿದ ಮಗು. ಯುದ್ಧ ಶುರುವಾದಾಗಿನಿಂದ ವಿಲಾಯಿತಿ ಬಣ್ಣ ಸಿಗುವುದೇ ಕಷ್ಟವಾಗಿದ್ದರಿಂದ, ಒಂದೊಂದು ಪಟಕ್ಕೂ ಏನು ಬೇಕೋ ಅಷ್ಟನ್ನೇ ಆರಿಸಿ ತಟ್ಟೆಯ ಕುಳಿಗಳಲ್ಲಿ ಕಲಸಿಟ್ಟುಕೊಳ್ಳುತ್ತಿದ್ದಳು. ಒಣಗಿದರೂ ಚಿಂತೆಯಿಲ್ಲ, ನೀರು ಮುಟ್ಟಿಸಿದರೆ ಬಣ್ಣ ಮತ್ತೆ ಏಳುತ್ತದೆ. ಪಟದಲ್ಲಿರುವವರನ್ನು ಅವಳು ಕಣ್ಣಾರೆ ಕಂಡದ್ದು ಕಡಿಮೆ. 'ಒಂದು ಕೈ ಬೆಳ್ಳಗೆ' ಎಂದು ಎಲ್ಲರೂ ಹೇಳಿ ಕಳಿಸುತ್ತಿದ್ದರು. ಹಾಗೆಯೇ ಮಾಡುತ್ತಿದ್ದಳು.

ಇನ್ನೂ ತೆಗೆಯಬೇಕಿದ್ದ ಈ ಪಟದವಳು ಮಾತ್ರ ಗೋಡೆಯ ಆಚೆಗೇ ಕೂತಿದ್ದಳು. ಕೂತಿರಲಿಲ್ಲ, ಕೂರಿಸಿದ್ದರು. ಶಾಂತಕುಮಾರಿಯ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ ಗೋವಿಂದಮ್ಮ ಬೆಳಗಿನ ಜಾವ ಎದೆಜ್ವರದಲ್ಲಿ ತೀರಿಕೊಂಡಿದ್ದಳು. ಮಕ್ಕಳಿಲ್ಲ. ವಯಸ್ಸು ಮೂವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ.

"ಶಾಂತಾ, ಆಯ್ತೇನೇ?" ಅತ್ತೆ ದೊಡ್ಡಮುನಿಯಮ್ಮ ನಡುಮನೆಯಿಂದಲೇ ಕೂಗಿದಳು. "ಮಣ್ಣಿಗೆ ಹೋದ್ಮೇಲೆ ಬಣ್ಣ ಎಲ್ಲಿಂದ ನೋಡ್ತೀಯ? ಈಗ್ಲೇ ಬಂದು ನೋಡ್ಕೋ!"

"ಬಂದೆ ಅತ್ತೆ."

ಗೋವಿಂದಮ್ಮನದು ಎಂದು ಈ ಮನೆಯಲ್ಲಿ ಒಂದು ಪಟವೂ ಇರಲಿಲ್ಲ. ಹೆಣ ಎತ್ತುವ ಮೊದಲು ಅಕ್ತರ್ ಸಾಹೇಬರನ್ನು ಕರೆಸಲೇಬೇಕು, ಬಣ್ಣವನ್ನೂ ತುಂಬಿಸಬೇಕು ಎಂದು ಮುದುಕಿ ಬೆಳಿಗ್ಗೆಯೇ ಹಟ ಹಿಡಿದಿದ್ದಳು. "ನಾಳೆ ನನ್ ಮುನಿರಾಜ ಬಂದು, ಎಲ್ಲವ್ವಾ ನನ್ ಹೆಂಡ್ತಿ ಅಂದ್ರೆ ಏನ್ ತೋರಿಸ್ಲಿ?"

ಮುನಿರಾಜಪ್ಪ ಸೈನ್ಯದ ಸ್ಯಾಪರ್ಸ್ ಪಲ್ಟಣದ ಜೊತೆ ಹಡಗು ಹತ್ತಿ ಸಿಂಗಾಪುರಕ್ಕೆ ಹೋದವನು. ಆ ಊರು ಜಪಾನಿನವರ ಕೈಗೆ ಬಿದ್ದ ಮೇಲೆ ಅವನಿಂದ ಸುದ್ದಿಯಿರಲಿಲ್ಲ. ಯುದ್ಧ ಮುಗಿದು, ಬರುವವರೆಲ್ಲ ಬಂದಾಗಿತ್ತು.

ಅಂಗಳದಲ್ಲಿ ಕೂತ ಹೆಂಗಸರ ಮಾತು ಕಿಟಕಿಯ ಮೂಲಕ ಕೇಳಿಸುತ್ತಿತ್ತು.

"ಏನ್ರೇ, ಸಾವಿನ ಮನೆ ಇಷ್ಟು ತಣ್ಣಗಿದೆ. ಗೋವಿಂದಿ ಇದ್ದಿದ್ರೆ ಹೀಗಿರ್ತಿತ್ತಾ?" ಎಂದಳು ಎದುರು ಮನೆಯ ಗಂಗಲಕ್ಷ್ಮಮ್ಮ.

"ಅವಳ ಸಾವಿಗೂ ಅವಳೇ ಬಂದು ಅಳ್ಬೇಕಾಗಿತ್ತು ಬಿಡು," ಎಂದಳು ಇನ್ನೊಬ್ಬಳು.

"ನಮ್ಮ ಮಾವ ಹೋದಾಗ ನಾವೆಲ್ಲ, ಯಾವಾಗ ಎತ್ತಾರೋ, ಯಾವಾಗ ಅನ್ನ ಇಡ್ತಾರೋ ಅಂತ ಕಾಯ್ತಿದ್ವಿ. ಇವಳು ಎದೆ ಎದೆ ಬಡ್ಕೊಂಡು ಅತ್ತಿದ್ದು ನೋಡಿ ನಮ್ಮತ್ತೆಗೇ ಅನುಮಾನ ಬಂತು ಕಣ್ರೇ, ಮುದುಕಪ್ಪನಿಗೂ ಇವಳಿಗೂ ಏನಿತ್ತು ಅಂತ!"

ಸೆರಗಿನ ಒಳಗೆ ನಗು ಹಾಯ್ದುಹೋಯಿತು. ಆಮೇಲೆ ಯಾರೋ, "ಪಾಪ, ಇನ್ಮೇಲೆ ನಮ್ಮ ಸಾವಿಗೆ ಯಾರೇ ಅಳೋರು?" ಎಂದರು. ಅದಕ್ಕೆ ಯಾರೂ ನಗಲಿಲ್ಲ.

ಹಲಸೂರಿನಲ್ಲಿ ಯಾರ ಮನೆಯಲ್ಲಿ ತಮಟೆ ಕೇಳಿಸಿದರೂ ಗೋವಿಂದಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟುಬಿಡುತ್ತಿದ್ದಳು. ಗುರುತಿರಲಿ, ಇಲ್ಲದಿರಲಿ. ಬೀದಿಯವರು ಅವಳಿಗೆ ಅಳುಬುರುಕಿ ಎಂದು ಹೆಸರಿಟ್ಟಿದ್ದರು. ಅವಳು ಯಾಕೆ ಹೋಗುತ್ತಿದ್ದಳೆಂದು ಶಾಂತಕುಮಾರಿಗೆ ಗೊತ್ತಿತ್ತು.

*

ಹಿಂದಿನ ವರ್ಷ, ದೀಪಾವಳಿ ಕಳೆದ ಮೇಲೆ, ಕೋಲಾರದ ಕಡೆಯ ಒಬ್ಬ ಸಿಪಾಯಿ ಮನೆ ಹುಡುಕಿಕೊಂಡು ಬಂದಿದ್ದ. ಹೆಗಲ ಮೂಳೆ ಅಂಗಿಯ ಒಳಗಿಂದ ಎದ್ದು ಕಾಣುತ್ತಿತ್ತು. ಜಗುಲಿಯ ಮೇಲೆ ಕೂತು ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದು, ದೊಡ್ಡಮುನಿಯಮ್ಮನ ಮುಖ ನೋಡದೆ ಹೇಳಿದ.

"ನಿಮ್ಮ ಮಗನ್ನ ನಾನೇ ಮಣ್ಣು ಮಾಡ್ದೆ ತಾಯಿ. ಕಾಡೊಳಗೆ, ರೈಲು ಹಳಿ ಪಕ್ಕ. ಕಾಲರಾ."

ಮುದುಕಿ ಅಲುಗಲಿಲ್ಲ. "ಅವನ ಎಡಗಾಲು ಮಂಡಿ ಮೇಲೆ ಸುಟ್ಟ ಗಾಯದ ಕಲೆ ಇತ್ತಾ?"

"ಕಾಲರಾ ಬಂದ ಕಡೆ ಯಾರ್ ತಾಯಿ ಮಂಡಿ ನೋಡ್ತಾರೆ?"

"ಹಾಗಾದ್ರೆ ನೀನು ಹೂತಿದ್ದು ಇನ್ಯಾರನ್ನೋ. ಪಾಪ, ಅವರ ಮನೆ ಹುಡ್ಕೊಂಡು ಹೋಗಪ್ಪ."

ಒಳಬಾಗಿಲಲ್ಲಿ ನಿಂತಿದ್ದ ಗೋವಿಂದಮ್ಮನ ಬಾಯಿ ತೆರೆದಿತ್ತು. ದನಿ ಹೊರಡುವ ಮೊದಲೇ ಮುದುಕಿ ಎದ್ದು ಬಂದು ಆ ಬಾಯನ್ನು ಅಂಗೈಯಿಂದ ಮುಚ್ಚಿದಳು. "ಅತ್ರೆ, ಅವನನ್ನ ನೀನೇ ಕೊಂದ ಹಾಗೆ. ತಿಳೀತಾ?"

ಮರುದಿನ ಬೆಳಿಗ್ಗೆ ದೊಡ್ಡಮುನಿಯಮ್ಮ ಕುಂಕುಮದ ಬಟ್ಟಲು ಹಿಡಿದು ಸೊಸೆಯನ್ನು ಕರೆದಳು. ತನ್ನ ಹೆಬ್ಬೆರಳನ್ನು ಅದರಲ್ಲಿ ಅದ್ದಿ ಅವಳ ಹಣೆಗೆ ಒತ್ತಿದಳು. ಸರ್ಕಾರದಿಂದ ಸತ್ತನೆಂಬ ಕಾಗದ ಬಂದ ದಿನವೂ ಒತ್ತಿದಳು. ಅಂದಿನಿಂದ ಒಂದು ಬೆಳಗೂ ತಪ್ಪಲಿಲ್ಲ. ಬೇರೆ ಮನೆಗಳಲ್ಲಿ ಗಂಡ ಸತ್ತವಳ ಕುಂಕುಮವನ್ನು ಬಲವಂತವಾಗಿ ಅಳಿಸುತ್ತಿದ್ದರು. ಈ ಮನೆಯಲ್ಲಿ ಬಲವಂತವಾಗಿ ಇಡುತ್ತಿದ್ದರು. ಗೋವಿಂದಮ್ಮ ಕಣ್ಣು ಮುಚ್ಚಿ, ಮುಖ ಎತ್ತಿ, ಔಷಧಿ ಕುಡಿಸಿಕೊಳ್ಳುವವಳ ಹಾಗೆ ನಿಲ್ಲುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಗೋವಿಂದಮ್ಮನ ಅಣ್ಣ ಸಂಜೀವಪ್ಪ ಕೆ.ಆರ್. ಪುರದಿಂದ ಬಂದ. ಹೆಣಕ್ಕೆ ಉಡಿಸುವ ಸೀರೆ ತವರಿನವರೇ ತರಬೇಕು. ಅವನ ಕಂಕುಳಲ್ಲಿ ಎರಡು ಪೊಟ್ಟಣಗಳಿದ್ದವು. ತಂಗಿಯ ಮುಖ ನೋಡಿದ. ಆಮೇಲೆ ಎರಡನ್ನೂ ಬಿಚ್ಚಿ ಚಾಪೆಯ ಮೇಲಿಟ್ಟ. ಒಂದು ಹಸಿರು, ಒಂದು ಬಿಳಿ.

"ಯಾವುದು ತರ್ಬೇಕು ಅಂತ ಗೊತ್ತಾಗ್ಲಿಲ್ಲ ಅತ್ತೆ," ಎಂದ. "ಅಂಗಡಿಯವನು ಕೇಳ್ದ, ಮುತ್ತೈದೆನಾ ಅಲ್ವಾ ಅಂತ. ಏನ್ ಹೇಳ್ಲಿ? ಬಾಯಿ ಬರ್ಲಿಲ್ಲ. ಎರಡೂ ಕಟ್ಟು ಅಂದೆ."

ಹೆಂಗಸರೆಲ್ಲ ಸೀರೆಗಳನ್ನೇ ನೋಡಿದರು. ದೊಡ್ಡಮುನಿಯಮ್ಮ ಹಸಿರನ್ನು ಎತ್ತಿಕೊಂಡು ಸೊಸೆಯ ಮಡಿಲಿಗೆ ಹಾಕಿದಳು. ಬಿಳಿಯದನ್ನು ಮಡಿಸಿ ತನ್ನ ಪಕ್ಕಕ್ಕೆ ಸರಿಸಿಕೊಂಡಳು. "ಇದು ನನಗಿರ್ಲಿ. ನನಗೆ ತರೋಕೆ ತವರಲ್ಲಿ ಯಾರೂ ಉಳಿದಿಲ್ಲ."

"ಅಲ್ಲ ಕಣಮ್ಮ," ಗಂಗಲಕ್ಷ್ಮಮ್ಮ ತಡೆಯಲಾರದೆ ಅಂದಳು, "ಸರ್ಕಾರವೇ ಹೋದ ಅಂತ ಹೇಳಿದ್ಮೇಲೆ, ಹೀಗೆ ಮುತ್ತೈದೆ ಮಾಡಿ ಕಳಿಸಿದ್ರೆ ಒಳ್ಳೇದಾ?"

"ಸರ್ಕಾರ ಹೆತ್ತಿತ್ತೇನೇ ಅವನನ್ನ?"

ಮುಖಕ್ಕೆ, ಕೈಕಾಲಿಗೆ ದಪ್ಪಗೆ ಅರಿಶಿನ ಬಳಿದರು. ಹಸಿರು ಬಳೆ ತೊಡಿಸಿದರು. ಮುಂಗೈ ಸೆಟೆದಿದ್ದರಿಂದ ಎರಡು ಒಡೆದವು. ತಟ್ಟೆ ಹಿಡಿದು ಎದುರಿಗೆ ಕೂತಿದ್ದ ಶಾಂತಕುಮಾರಿ ಸೀರೆಯ ಹಸಿರು, ಅಂಚಿನ ಅರಗಿನ ಬಣ್ಣ, ಬಳೆಯ ಹಸಿರು ಒಂದೊಂದಾಗಿ ಹೊಂದಿಸಿಕೊಂಡಳು. ಮೈಬಣ್ಣ ಮಾತ್ರ ಅರಿಶಿನದ ಕೆಳಗೆ ಎಲ್ಲೂ ಸಿಗಲಿಲ್ಲ. ಕಿವಿಯ ಹಿಂದೆ ಒಂದಿಷ್ಟು ಬರಿಯ ಚರ್ಮ ಕಂಡಿತು. ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು.

ದೊಡ್ಡಮುನಿಯಮ್ಮ ಸೊಸೆಯ ಹಣೆಗೆ ಕೊನೆಯ ಸಲ ಹೆಬ್ಬೆರಳು ಒತ್ತಿದಳು. ಆಮೇಲೆ ಅರಿಶಿನ ಕುಂಕುಮದ ತಟ್ಟೆಯನ್ನು ಹೆಣದ ಪಾದಕ್ಕೆ ಮುಟ್ಟಿಸಿ ಹೆಂಗಸರ ಕಡೆಗೆ ಚಾಚಿದಳು. ಮುತ್ತೈದೆಯಾಗಿ ಹೋದವಳ ಕುಂಕುಮಕ್ಕೆ ಹೆಂಗಸರು ಮುಗಿಬೀಳುತ್ತಾರೆ, ತಮ್ಮ ತಾಳಿಯೂ ಹಾಗೆಯೇ ಗಟ್ಟಿಯಾಗಿರಲಿ ಎಂದು. ಇಲ್ಲಿ ಯಾರೂ ಏಳಲಿಲ್ಲ.

ಗಂಗಲಕ್ಷ್ಮಮ್ಮ ಎಲೆಯಡಿಕೆಯ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಒಬ್ಬಳು ಮಗುವಿಗೆ ಮೊಲೆ ಕೊಟ್ಟಳು. ಇನ್ನೊಬ್ಬಳು, "ನಾನು ಇವತ್ತು ಮುಟ್ಟೋ ಹಾಗಿಲ್ಲ," ಎಂದು ದೂರ ಸರಿದಳು. ವಿಧವೆಯ ಹಣೆಯದನ್ನು ತಂದು ಯಾರು ತಾನೇ ತಮ್ಮ ಹಣೆಗೆ ಇಟ್ಟುಕೊಂಡಾರು? ಮುದುಕಿಯ ತೋಳು ಚಾಚಿದಂತೆಯೇ ಇತ್ತು.

ಶಾಂತಕುಮಾರಿ ಎದ್ದು ಹೋಗಿ ಒಂದು ಚಿಟಿಕೆ ತೆಗೆದು ಹಣೆಗೂ ತಾಳಿಗೂ ಹಚ್ಚಿಕೊಂಡಳು.

"ಧೈರ್ಯ ಬಿಡು ನಿಂದು," ಎಂದಳು ಗಂಗಲಕ್ಷ್ಮಮ್ಮ, ಮೆಲ್ಲಗೆ. "ನಿನ್ ಗಂಡ ಚೆನ್ನಾಗಿರ್ಲಿ ತಾಯಿ."

ಆ ಗಂಡ ವೆಂಕಟಸ್ವಾಮಿ, ಮರದ ಕಾರ್ಖಾನೆಯಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುವವನು, ಅವಳನ್ನು ಹಿತ್ತಲಿಗೆ ಕರೆದು ಸಿಡುಕಿದ. "ಯಾಕೆ ತಗೊಂಡೆ? ಎಲ್ಲಾರೂ ಸುಮ್ನಿರೋವಾಗ ನಿಂಗೇನು?"

"ಅತ್ತೆ ಕೈ ನೋಯ್ತಿತ್ತು," ಎಂದಳು ಶಾಂತಕುಮಾರಿ.

ಅಕ್ತರ್ ಸಾಹೇಬರು ಜಟಕಾದಿಂದ ಕ್ಯಾಮರಾ ಇಳಿಸಿಕೊಂಡು ಬಂದರು. ಹೆಣವನ್ನು ಅಂಗಳದ ಬೆಳಕಿಗೆ ತಂದು ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಂಚೆ ಬಿಗಿದು, ಅದು ಕಾಣದಂತೆ ಸೆರಗು ಹರಡಿದರು. ತಲೆ ನಿಲ್ಲಲಿಲ್ಲ. ಸಂಜೀವಪ್ಪ ಹಿಂದಿನಿಂದ ಜಡೆ ಹಿಡಿದು ಬಗ್ಗಿ ಕೂತ.

"ಭಾಯಿ, ಇನ್ನೂ ಸ್ವಲ್ಪ ಬಗ್ಗಿ. ನಿಮ್ಮ ಪೇಟ ಕಾಣ್ತದೆ. ಹಾಂ, ಬಸ್, ಬಸ್. ಉಸಿರು ಹಿಡೀರಿ."

ಅಂಗಳದಲ್ಲಿದ್ದವರೆಲ್ಲ ಉಸಿರು ಹಿಡಿದರು.

ಕಪ್ಪು ಬಟ್ಟೆಯಿಂದ ಹೊರಬಂದು ಅಕ್ತರ್ ಸಾಹೇಬರು ಶಾಂತಕುಮಾರಿಯ ಹತ್ತಿರ ನಿಂತರು. "ಕಣ್ಣು ನೀವೇ ತೆರೆಸ್ಬೇಕು ಶಾಂತಮ್ಮ. ಕುಂಕುಮ ಇದ್ಯಲ್ಲ, ಅದು ಪಟದಲ್ಲಿ ಕಪ್ಪಗೆ ಬೀಳ್ತದೆ, ಕಪ್ಪು ಮೇಲೆ ಕೆಂಪು ಕೂರಲ್ಲ. ನಾನು ಗಾಜಿನ ಪ್ಲೇಟ್ ಮೇಲೆ ಪೆನ್ಸಿಲ್ ಹಚ್ಚಿ ಆ ಜಾಗ ಖಾಲಿ ಮಾಡಿ ಕೊಡ್ತೀನಿ. ಹಣೆ ಸಾಫ್ ಬರ್ತದೆ. ಆಮೇಲೆ ನಿಮಗೆ ಹ್ಯಾಗೆ ಬೇಕೋ ಹಾಗೆ ಇಟ್ಕೊಳ್ಳಿ."

"ಹಣೆ ಖಾಲಿ ಬರುತ್ತಾ?"

"ಪೂರಾ ಖಾಲಿ."

*

ಆ ಮಾತನ್ನು ಗೋವಿಂದಮ್ಮನೂ ಆಡಿದ್ದಳು.

ಹಗಲಿನ ಬೆಳಕು ಹಾಳಾಗಬಾರದೆಂದು ಮನೆಗೆಲಸವನ್ನೆಲ್ಲ ಅವಳೇ ಮೈಮೇಲೆ ಹಾಕಿಕೊಳ್ಳುತ್ತಿದ್ದಳು. ಶಾಂತಕುಮಾರಿ ಕಿಟಕಿಯ ಹತ್ತಿರ ಬಣ್ಣ ಹಿಡಿದು ಕೂತರೆ, ಅವಳು ಅದೇ ಕೋಣೆಗೆ ಬೀಸುವ ಕಲ್ಲು ಎಳೆದುಕೊಂಡು ಬಂದು ರಾಗಿ ಬೀಸುತ್ತಿದ್ದಳು. ಅಂದು ಶಾಂತಕುಮಾರಿಯ ಕೈಯಲ್ಲಿ ಒಬ್ಬ ಹವಾಲ್ದಾರನ ಹೆಂಡತಿಯ ಪಟವಿತ್ತು.

"ಅಕ್ಕ, ನಿನ್ನೆ ಆ ಬೀದಿಗ್ಯಾಕೆ ಹೋಗಿದ್ದೆ? ಅವರು ನಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ." ಕಲ್ಲು ಎರಡು ಸುತ್ತು ಸುತ್ತಿತು. "ಅವರ ಮನೇಲಿ ಹೆಣ ಇತ್ತು ಕಣೇ. ಅಳೋಕೆ ಜಾಗ ಇತ್ತು. ಇಲ್ಲಿ ನಂಗೆ ಹೆಣಾನೂ ಇಲ್ಲ, ಜಾಗಾನೂ ಇಲ್ಲ. ಯಾರದ್ದೋ ಮುಖ ನೋಡ್ಕೊಂಡು ನಮ್ಮವರಿಗೆ ಅತ್ತು ಬರ್ತೀನಿ."

ಶಾಂತಕುಮಾರಿ ತಲೆ ಎತ್ತಲಿಲ್ಲ. ಹವಾಲ್ದಾರನ ಹೆಂಡತಿಯ ತುಟಿಯ ಅಂಚನ್ನು ತಿದ್ದುತ್ತಿದ್ದಳು. ಅಲ್ಲಿ ಕೈ ನಡುಗಬಾರದು.

"ಶಾಂತಾ, ನನ್ ಪಟ ಯಾವತ್ತಾದ್ರೂ ನಿನ್ ಕೈಗೆ ಬಂದ್ರೆ ಹಣೆ ಖಾಲಿ ಬಿಡೇ. ಅವರು ಸತ್ತಿದ್ದಾರೆ ಅನ್ನೋದನ್ನ ಎಲ್ಲಾದ್ರೂ ಒಂದ್ ಕಡೆ ಇಡ್ಬೇಕಲ್ವಾ?"

"ಆಗ್ಲಿ ಅಕ್ಕ," ಎಂದಿದ್ದಳು ಶಾಂತಕುಮಾರಿ. ತುಟಿಯ ಅಂಚು ಚೆನ್ನಾಗಿ ಬಂದಿತ್ತು.

*

ತಮಟೆಯ ಸದ್ದು ಕಲ್ಪಳ್ಳಿಯ ಸ್ಮಶಾನದ ಕಡೆಗೆ ದೂರವಾಯಿತು. ಗಂಡಸರೆಲ್ಲ ಅದರ ಹಿಂದೆ ಹೋದರು. ನೆರೆಯ ಹೆಂಗಸರು ಮನೆಗೆ ನೀರು ಹುಯ್ದು ತೊಳೆದು, ತಲೆಗೆ ಸ್ನಾನ ಮಾಡಲು ತಮ್ಮ ತಮ್ಮ ಮನೆಗೆ ನಡೆದರು. ಕೋಣೆಯಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು. ಶಾಂತಕುಮಾರಿ ತಟ್ಟೆಯ ಮುಂದೆ ಕೂತಳು.

ದೊಡ್ಡಮುನಿಯಮ್ಮ ಒದ್ದೆ ಸೀರೆಯಲ್ಲೇ ಬಂದು ಹೊಸ್ತಿಲ ಮೇಲೆ ಕುಕ್ಕರಿಸಿದಳು. "ಕೆಂಪು ಕಲಸ್ದಾ?"

"ಕಲಸಿದೀನಿ ಅತ್ತೆ."

"ತೋರ್ಸು."

ಪೊರೆ ಬಂದ ಕಣ್ಣಿಗೆ ತಟ್ಟೆಯನ್ನು ಹತ್ತಿರ ಹಿಡಿದು ನೋಡಿದಳು. "ಇನ್ನೂ ಕೆಂಪಾಗ್ಲಿ. ನಂಗೆ ಕಾಣ್ಬೇಕು."

ಶಾಂತಕುಮಾರಿ ಕೆಂಪು ಬಿಲ್ಲೆಯನ್ನು ಇನ್ನಷ್ಟು ತೇಯ್ದಳು. ಮುದುಕಿ ಅವಳ ಕೈಯನ್ನೇ ನೋಡುತ್ತಾ ಇದ್ದು, ಗೋಡೆಗೆ ಹೇಳುವಂತೆ ಹೇಳಿದಳು. "ಆ ಸಿಪಾಯಿ ಸುಳ್ಳು ಹೇಳೋನ ಥರ ಇರ್ಲಿಲ್ಲ."

ಶಾಂತಕುಮಾರಿಯ ಕೈ ನಿಂತಿತು. "ಅತ್ತೆ..."

"ಸುಮ್ನೆ ನಿನ್ ಕೆಲ್ಸ ನೋಡು. ನಾನ್ ಕಣ್ಮುಚ್ಚೋ ತನಕ ಅವನು ದಾರೀಲಿರ್ಲಿ. ಗೋವಿಂದಿ ಇರೋ ತನಕ ಅವನನ್ನ ಇಟ್ಕೊಟ್ಲು. ಇನ್ನ ಆ ಪಟ ಇಟ್ಕೊಡ್ಲಿ." ಮಂಡಿಗೆ ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯ ಮೂಲೆಯಿಂದ ಒಂದು ದನಿ ಕೇಳಿಸಿತು. ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವವರ ದನಿ.

ಶಾಂತಕುಮಾರಿ ಏಳಲಿಲ್ಲ. ಮೈಬಣ್ಣದ ಕುಳಿಯನ್ನು ತೊಳೆದು ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಕೂರಿಸಿದ ಹೆಣವನ್ನು ನೆನೆಯಲಿಲ್ಲ. ಬೀಸುವ ಕಲ್ಲಿನ ಗೂಟ ಹಿಡಿದ ತೋಳನ್ನು ನೆನೆದಳು. ಬೆವರು, ಅದರ ಮೇಲೆ ಕೂತ ರಾಗಿಯ ಹಿಟ್ಟು, ಅದರ ಕೆಳಗಿನ ಕಪ್ಪು. ಹಳದಿ, ಕೆಮ್ಮಣ್ಣು. ಕಪ್ಪು ಬಿಲ್ಲೆಗೆ ಕೈ ಹೋಯಿತು; ಅದನ್ನು ಬಿಟ್ಟು ಕುಂಚದ ತುದಿಗೆ ತುಸು ನೀಲಿ ತೆಗೆದುಕೊಂಡಳು. ರಟ್ಟಿನ ಮೇಲೆ ಎಳೆದ ಗೆರೆ ಈ ಸಲ ಗೋವಿಂದಮ್ಮನದಾಗಿತ್ತು. ಯಾವ ಕೈಯೂ ಬೆಳ್ಳಗೆ ಮಾಡದ ಗೋವಿಂದಮ್ಮ. ಅದನ್ನೇ ಇನ್ನಷ್ಟು ಕಲಸಿದಳು, ಮುಖಕ್ಕೆ ಬೇಕಾದ್ದಕ್ಕಿಂತ ಹೆಚ್ಚಿಗೆ, ಹಣೆಯ ನಡುವಿನ ಜಾಗಕ್ಕೂ ಸಾಲುವಷ್ಟು.

ಬಣ್ಣವೆಲ್ಲ ತುಂಬಿ ಮುಗಿದ ಮೇಲೆ ಪಟಕ್ಕೆ ತೆಳ್ಳಗೆ ಅರಗಿನ ಪಾಲಿಶ್ ಹಚ್ಚುವುದು ಅವಳ ರೂಢಿ. ಆಮೇಲೆ ನೀರು ತಾಗಿದರೂ ಬಣ್ಣ ಕದಡುವುದಿಲ್ಲ. ಗಂಡ ಕಾರ್ಖಾನೆಯಿಂದ ತಂದ ಶೀಸೆ ಗೂಡಿನಲ್ಲಿತ್ತು. ಪಟ ಬರುವ ಮುಂಚೆ ಒಮ್ಮೆ ನೋಡಲೆಂದು ಅವಳು ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಮಣಿಕಟ್ಟಿನ ಮೇಲೆ ಗೋವಿಂದಮ್ಮನ ಮೈಬಣ್ಣವನ್ನು ಒಂದು ಕಾಸಿನಗಲ ಬಳಿದಳು. ಒಣಗಿತು. ಅದರ ಮೇಲೆ ಪಾಲಿಶ್ ಎಳೆದಳು. ಒಣಗುವವರೆಗೆ ಊದಿದಳು. ಅದರ ಮೇಲೆ ಕೆಂಪು ಇಟ್ಟಳು. ಮೊದಲು ನಿಲ್ಲಲಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟಿತು. ಕೆಂಪಿಗೆ ಇಷ್ಟು ಗೋಂದು ಬೆರೆಸಿ ಮತ್ತೆ ಇಟ್ಟಳು. ಈಗ ಕೂತಿತು. ಗುಂಡಗೆ, ಮುದುಕಿಯ ಕಣ್ಣಿಗೂ ಕಾಣುವಷ್ಟು ಕೆಂಪಗೆ. ಅದಕ್ಕೆ ಮಾತ್ರ ಪಾಲಿಶ್ ಹಚ್ಚಲಿಲ್ಲ. ಅತ್ತೆ ಇರುವ ತನಕ ಇದ್ದರೆ ಸಾಕು.

ಹೊರಗೆ ಗಂಡಸರು ಮರಳಿದ ಸದ್ದಾಯಿತು. ಅವಳು ಹತ್ತಿಯ ಉಂಡೆಯೊಂದನ್ನು ನೀರಿಗೆ ಅದ್ದಿ, ಹಿಂಡಿ, ಮಣಿಕಟ್ಟಿನ ಮೇಲೆ ಒಂದು ಸಲ ಒತ್ತಿ ಎಳೆದಳು.

"ಶಾಂತಾ, ಕಾಲಿಗೆ ನೀರು ತಾರೇ," ಎನ್ನುತ್ತಾ ವೆಂಕಟಸ್ವಾಮಿ ಕಿಟಕಿಯಲ್ಲಿ ಇಣುಕಿದ. ಹತ್ತಿಯನ್ನು ನೋಡಿ ಗಾಬರಿಯಾದ. "ಏನದು, ರಕ್ತನಾ?"

"ಏನಿಲ್ಲ, ಬಣ್ಣ," ಎಂದಳು.

ಬಿಂದಿಗೆ ಎತ್ತಿಕೊಂಡು ಬಾಗಿಲಿಗೆ ಹೋದಳು. ಸ್ಮಶಾನದ ಕೆಮ್ಮಣ್ಣು ಮೆತ್ತಿದ ಗಂಡನ ಪಾದಗಳಿಗೆ, ಆಮೇಲೆ ಸಂಜೀವಪ್ಪನ ಪಾದಗಳಿಗೆ, ಬಗ್ಗಿ ನೀರು ಹುಯ್ದಳು. ನೀರು ಅವಳ ಮಣಿಕಟ್ಟಿನ ಮೇಲೂ ಹರಿದು ಇಳಿಯಿತು. ಅಲ್ಲಿ ಕಾಸಿನಗಲದ ಆ ಕಪ್ಪು ಚರ್ಮ ಹಾಗೆಯೇ ಇತ್ತು, ಮೇಲೆ ಏನೂ ಇರಲಿಲ್ಲ.